ತುರ್ಕಿಕ್ ಭಾಷೆಗಳಲ್ಲಿ ಮೂಲರೂಪಗಳ ಪುನಾರಚನೆ

ಲಿಖಿತ ದಾಖಲೆಯಿಲ್ಲದ ಆದಿಭಾಷೆಯ ಪದಗಳನ್ನು ಅದರಿಂದ ಕವಲೊಡೆದ ಭಾಷೆಗಳ ಹೋಲಿಕೆಯಿಂದ ನಿರ್ಣಯಿಸುವ ಕ್ರಮಕ್ಕೆ ತೌಲನಿಕ ವಿಧಾನವೆಂದು ಹೆಸರು. ತುರ್ಕಿಕ್ ಭಾಷಾಕುಟುಂಬವು ಇದಕ್ಕೆ ಉತ್ತಮ ನಿದರ್ಶನ. ಮಂಗೋಲಿಯದ ಓರ್ಖೋನ್ ಕಣಿವೆಯ ಶಾಸನಗಳು 8ನೆಯ ಶತಮಾನದವು. ಅವುಗಳ ಲಿಪಿಯನ್ನು 1893ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ವಿಲ್ಹೆಲ್ಮ್ ಥಾಮ್ಸನ್ ಬಿಡಿಸಿದರು. ಅದಕ್ಕೂ ಹಿಂದಿನ ರೂಪಗಳನ್ನು ತಿಳಿಯಲು ಇಂದಿನ ಆಡುಭಾಷೆಗಳೇ ಮುಖ್ಯ ಸಾಕ್ಷಿಗಳು.

1. ಧ್ವನಿಗಳ ಕ್ರಮಬದ್ಧತೆ: ಟರ್ಕಿಶ್ ಭಾಷೆಯಲ್ಲಿ 'ಕಿಜ಼್' ಎಂದರೆ ಹುಡುಗಿ, 'ದೊಕುಜ಼್' ಎಂದರೆ ಒಂಬತ್ತು. ವೋಲ್ಗಾ ತೀರದ ಚುವಾಶ್ ಭಾಷೆಯಲ್ಲಿ ಇವು 'ಹೆರ್', 'ತಹ್ಹರ್' ಎಂದಿವೆ. ಒಂದೆಡೆ 'ಜ಼' ಇರುವಲ್ಲಿ ಇನ್ನೊಂದೆಡೆ 'ರ' ಬರುವುದು ಇಂತಹ ಅನೇಕ ಪದಗಳಲ್ಲಿ ಕಾಣುತ್ತದೆ. ಮೂಲಧ್ವನಿ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಪದಗಳ ಸಂಬಂಧವನ್ನು ಈ ಕ್ರಮವೇ ಸ್ಥಾಪಿಸುತ್ತದೆ.

2. ಅಂಚಿನ ಭಾಷೆಗಳ ಸಾಕ್ಷ್ಯ: ಕಜ಼ಕ್ ಭಾಷೆಯಲ್ಲಿ 'ಅತ್' ಎಂಬುದು ಕುದುರೆಗೂ ಹೆಸರಿಗೂ ಒಂದೇ. ಸೈಬೀರಿಯದ ಯಾಕುತ್ ಭಾಷೆಯಲ್ಲಾದರೋ ಕುದುರೆ 'ಅತ್', ಹೆಸರು 'ಆತ್'. ತುರ್ಕ್ಮೆನ್ ಉಚ್ಚಾರಣೆಯಲ್ಲಿಯೂ ಈ ಭೇದವುಂಟು. ಆದುದರಿಂದ ಆದಿಭಾಷೆಯಲ್ಲಿ ಹ್ರಸ್ವ-ದೀರ್ಘಗಳ ಭೇದವಿತ್ತೆಂದು ನಿರ್ಣಯಿಸಿ *ಅತ್, *ಆತ್ ಎಂಬ ಎರಡು ಮೂಲರೂಪಗಳನ್ನು ಹೇಳುತ್ತಾರೆ. ನಕ್ಷತ್ರ ಚಿಹ್ನೆಯು ಅದು ಬರಹದಲ್ಲಿ ದೊರೆತುದಲ್ಲ, ಪುನಾರಚಿಸಿದ ರೂಪವೆಂಬುದನ್ನು ಸೂಚಿಸುತ್ತದೆ. ಬಹುಸಂಖ್ಯಾತರು ಆಡುವ ಭಾಷೆ ಕಳೆದುಕೊಂಡುದನ್ನು ದೂರದ ಸಣ್ಣ ಭಾಷೆಯೊಂದು ಉಳಿಸಿಕೊಂಡಿರಬಹುದು.

3. ಎರವಲುಗಳ ವಿಂಗಡಣೆ: ಟರ್ಕಿಶಿನ 'ಕಿತಾಪ್', ಉಜ಼್ಬೆಕ್‌ನ 'ಕಿತೋಬ್' ಒಂದನ್ನೊಂದು ಹೋಲುತ್ತವೆ, ಆದರೆ ಇವು ಅರಬ್ಬಿಯಿಂದ ಬಂದ ಪದಗಳು. ಕೇವಲ ಸಾದೃಶ್ಯವು ರಕ್ತಸಂಬಂಧಕ್ಕೆ ಪ್ರಮಾಣವಲ್ಲ.

ತರಗತಿಯಲ್ಲಿ ಪ್ರಯೋಗ: ಗಡಿನಾಡಿನ ಮಕ್ಕಳಿಗೆ ನೆರೆಭಾಷೆಯೂ ಪರಿಚಿತವಾಗಿರುವುದರಿಂದ ಈ ವಿಧಾನವನ್ನು ಸುಲಭವಾಗಿ ತೋರಿಸಬಹುದು. ಹಾಲು, ಹುಲಿ, ಹಲ್ಲು ಎಂಬ ಪದಗಳನ್ನು ಬರೆಯಿಸಿ, ಅವುಗಳ ಎದುರಿಗೆ ತಮಿಳು, ಮಲಯಾಳ ಅಥವಾ ತೆಲುಗಿನ ರೂಪಗಳನ್ನು ಮಕ್ಕಳಿಂದಲೇ ಕೇಳಬೇಕು. 'ಹ'ಕಾರದ ಸ್ಥಾನದಲ್ಲಿ 'ಪ'ಕಾರವನ್ನು ಅವರೇ ಗುರುತಿಸಿದ ಬಳಿಕ ಹಳಗನ್ನಡದ ಪಾಲ್, ಪುಲಿ, ಪಲ್ ರೂಪಗಳನ್ನು ತಿಳಿಸಬೇಕು. ಮರಾಠಿ ಪರಿಸರದ ಶಾಲೆಗಳಲ್ಲಿ ಮೂರನೆಯ ಅಂಶವನ್ನು ಎತ್ತಿಕೊಳ್ಳಬಹುದು. ಮರಾಠಿಯು ಬೇರೆ ಕುಟುಂಬದ ಭಾಷೆಯಾದುದರಿಂದ ಅಲ್ಲಿಯ ಸಮಾನ ಪದಗಳನ್ನು ಕೊಳುಕೊಡೆಯ ದೃಷ್ಟಿಯಿಂದ ಪರಿಶೀಲಿಸಬೇಕು.

ಶಿಷ್ಟರೂಪವನ್ನು ಕಲಿಸುವುದು ಶಿಕ್ಷಕರ ಕರ್ತವ್ಯವೇ ಸರಿ. ಆದರೆ ಮಗುವಿನ ಮನೆಮಾತಿನಲ್ಲಿ ಭಿನ್ನರೂಪವೊಂದು ಕೇಳಿಬಂದಾಗ ಅದನ್ನು ತಪ್ಪೆಂದು ಹೊಡೆದುಹಾಕುವ ಮೊದಲು ಬರೆದಿಟ್ಟುಕೊಳ್ಳುವುದು ಲೇಸು. ಅಂತಹ ರೂಪವು ಗ್ರಂಥಗಳಲ್ಲಿ ಸಿಗದ ಹಳೆಯ ಸಾಕ್ಷ್ಯವಾಗಿರಬಹುದು. ಆಡುವವರು ಬಿಟ್ಟರೆ ಅದು ಮತ್ತೆ ದೊರೆಯದು.