ಮುಳ್ಳು ನೆಟ್ಟಗೆ ಕೂರಲಿ

ಎಲ್‌ಪಿ ತಟ್ಟೆಯ ಮೊದಲ ಹಾಡು ಸೊಗಸಾಗಿಯೇ ಕೇಳುತ್ತದೆ. ಲೇಬಲ್ಲಿನ ಹತ್ತಿರದ ಕೊನೆಯ ಹಾಡಿಗೆ ಬರುವಷ್ಟರಲ್ಲಿ ಗಾಯಕಿಯ ‘ಶ್ರೀ’ ಒಡೆದು ‘ಛ್ರೀ’ ಆಗಿರುತ್ತದೆ. ತಟ್ಟೆ ಸವೆದಿದೆ ಎಂದು ಕೆಲವರು ಸುಮ್ಮನಾಗುತ್ತಾರೆ, ಕೆಲವರು ಇನ್ನೂ ದುಬಾರಿ ಕಾರ್ಟ್ರಿಜ್ ಹುಡುಕಿಕೊಂಡು ಹೊರಡುತ್ತಾರೆ. ದುಡ್ಡು ಬಿಚ್ಚುವ ಮೊದಲು ಇದ್ದ ಕಾರ್ಟ್ರಿಜ್ಜನ್ನೇ ಆರ್ಮ್‌ನಲ್ಲಿ ಹೇಗೆ ಕೂರಿಸಿದ್ದಾರೆ ಎಂದು ನೋಡುವುದು ಒಳ್ಳೆಯದು. ಹೆಚ್ಚಿನ ಸಲ ರೋಗ ಇರುವುದು ಅಲ್ಲೇ.

ಕಾರಣ ಸರಳ. ಧ್ವನಿಮುದ್ರಿಕೆಯ ಮೂಲಪ್ರತಿಯನ್ನು ಕೊರೆಯುವ ಯಂತ್ರದ ತಲೆ ಅಂಚಿನಿಂದ ನಡುವಿನತ್ತ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಮನೆಯ ಟೋನ್‌ಆರ್ಮ್ ಒಂದು ಕಡೆ ಕೀಲಿಗೆ ಸಿಕ್ಕಿಕೊಂಡಿರುವುದರಿಂದ ಕಮಾನಿನಂತೆ ತಿರುಗುತ್ತದೆ. ಹಾಗಾಗಿ ಮುಳ್ಳು ಗ್ರೂವ್‌ಗೆ ಕರಾರುವಾಕ್ಕಾಗಿ ಸರಿಹೊಂದುವುದು ಇಡೀ ಮುಖದಲ್ಲಿ ಎರಡೇ ಜಾಗದಲ್ಲಿ. ಉಳಿದೆಡೆ ಒಂದೆರಡು ಡಿಗ್ರಿ ವಾರೆ ಇದ್ದೇ ಇರುತ್ತದೆ. 33⅓ ವೇಗದಲ್ಲಿ ಹೊರ ಅಂಚಿನ ಗ್ರೂವ್ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ, ಒಳ ತುದಿಯಲ್ಲಿ ಓಡುವುದು ಬರೀ 21 ಸೆಂ.ಮೀ. ಅಷ್ಟೇ ಸಂಗೀತ ಅರ್ಧಕ್ಕೂ ಕಡಿಮೆ ಜಾಗದಲ್ಲಿ ಮುದುಡಿಕೊಂಡಿರುತ್ತದೆ. ವಾರೆ ಮೊದಲು ಕಿವಿಗೆ ಬೀಳುವುದು ಅಲ್ಲಿ.

<b>ಆರ್ಮ್ ಆರಿಸುವಾಗ</b>

ಹೊಸ ರೇಗಾ, ಪ್ರೊಜೆಕ್ಟ್ ಅಥವಾ ಟೆಕ್ನಿಕ್ಸ್ ಪ್ಲೇಯರ್ ಕೊಂಡವರಿಗೆ ಆರ್ಮ್ ಜೊತೆಗೇ ಬರುತ್ತದೆ, ಅದನ್ನು ಬದಲಿಸುವ ಉಸಾಬರಿ ಬೇಡ. ಆರ್ಮ್ ಇಲ್ಲದ ಹಳೆಯ ಡೆಕ್ ಸಿಕ್ಕವರು ಅಥವಾ ಇರುವ ಆರ್ಮ್ ಕೆಟ್ಟವರು ಮಾತ್ರ ಬಿಡಿ ಆರ್ಮ್ ಹುಡುಕಬೇಕು. ಅವರು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಅಳತೆಯನ್ನು. ತಟ್ಟೆಯ ನಡುವಿನ ಕಡ್ಡಿಯಿಂದ ಆರ್ಮ್‌ನ ಕೀಲಿಗೆ ಎಷ್ಟು ದೂರ? ರೇಗಾ ಆರ್‌ಬಿ300ಕ್ಕೆ ಅದು 222 ಮಿ.ಮೀ., ಟೆಕ್ನಿಕ್ಸ್ ಎಸ್ಎಲ್-1200ಕ್ಕೆ 215. ಡೆಕ್ಕಿನ ಪೀಠವಾದ ಪ್ಲಿಂತ್‌ನಲ್ಲಿ ತೂತು ನಾಲ್ಕೈದು ಮಿ.ಮೀ. ಆಚೀಚೆ ಕೊರೆದರೆ, ಆಮೇಲೆ ಆರ್ಮ್ ತುದಿಯ ಹೆಡ್‌ಶೆಲ್ಲಿನಲ್ಲಿ ಕಾರ್ಟ್ರಿಜ್ ಎಷ್ಟು ಸರಿಸಿದರೂ ಲೆಕ್ಕ ಕೂಡುವುದಿಲ್ಲ. ಎಸ್ಎಂಇ 3009 ಇಲ್ಲಿ ಜಾಣ: ಅದರ ಬುಡವೇ ಹಳಿಯ ಮೇಲೆ ಹಿಂದೆಮುಂದೆ ಜಾರುತ್ತದೆ. ಆದರೆ ಎಸ್ಎಂಇ ಕಂಪನಿ 2019ರ ಕೊನೆಯಲ್ಲಿ ಬಿಡಿ ಆರ್ಮ್‌ಗಳ ಮಾರಾಟ ನಿಲ್ಲಿಸಿದ್ದರಿಂದ ಸೆಕೆಂಡ್ ಹ್ಯಾಂಡ್ ಬೆಲೆ ಏರಿದೆ. 12 ಇಂಚಿನ ಉದ್ದನೆಯ ಆರ್ಮ್‌ನಲ್ಲಿ ವಾರೆ ಕಡಿಮೆ ಎಂಬುದು ನಿಜ. ಜೊತೆಗೆ ತೂಕವೂ ದೊಡ್ಡ ಪ್ಲಿಂತೂ ಬರುತ್ತವೆ. ಮನೆಗೆ 9 ಇಂಚು ಧಾರಾಳ.

ಹೆಡ್‌ಶೆಲ್ ಬಿಚ್ಚಲು ಬರಬೇಕೇ ಬೇಡವೇ? ಶುದ್ಧವಾದಿಗಳು ರೇಗಾದಂತೆ ಒಂದೇ ಎರಕದ ಕೊಳವೆಯೇ ಮೇಲು ಎನ್ನುತ್ತಾರೆ. ಮನೆಯಲ್ಲಿ ಅಜ್ಜನ ಕಾಲದ 78ರ ಪ್ಲೇಟುಗಳೂ ಇದ್ದರೆ ಬಿಚ್ಚುವ ಹೆಡ್‌ಶೆಲ್ಲೇ ಬೇಕು ಎಂಬುದು ನನ್ನ ಪಕ್ಷ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ 0.7 ಮಿಲ್ ಆದರೆ 78ಕ್ಕೆ ಬೇಕಾದದ್ದು ಸುಮಾರು 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು). ಎಲ್‌ಪಿ ಮುಳ್ಳು ಆ ಅಗಲ ಗ್ರೂವ್‌ನ ತಳಕ್ಕೆ ಬಿದ್ದು ಬರೀ ಕಸ ಕೆದಕುತ್ತದೆ. ಎರಡು ಹೆಡ್‌ಶೆಲ್ ಇಟ್ಟುಕೊಂಡು ಬದಲಿಸುವುದು ಸುಲಭ; ಪ್ಲೇಯರ್‌ನಲ್ಲಿ 78ರ ವೇಗ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಇನ್ನು ಆರ್ಮ್ ಮತ್ತು ಕಾರ್ಟ್ರಿಜ್‌ನ ಸಾಲಾವಳಿ. ಇದನ್ನು ನೋಡದೆ ಕೊಂಡು ಪಶ್ಚಾತ್ತಾಪಪಡುವವರೇ ಹೆಚ್ಚು. ಆರ್ಮ್‌ಗೆ ಒಂದು ಎಫೆಕ್ಟಿವ್ ಮಾಸ್ ಅಂದರೆ ಅಲುಗುವಾಗ ಮುಳ್ಳಿಗೆ ತಟ್ಟುವ ಜಡತೆ, ಮುಳ್ಳಿನ ಸಸ್ಪೆನ್ಶನ್ನಿಗೆ ಒಂದು ಕಂಪ್ಲಯನ್ಸ್ ಅಂದರೆ ಮೆದುತನ ಇರುತ್ತದೆ. ಎರಡೂ ಸೇರಿ ಯಾವುದೋ ಒಂದು ಕಂಪನಾಂಕದಲ್ಲಿ ಕುಣಿಯುತ್ತವೆ. ಅದು 8ರಿಂದ 12 ಹರ್ಟ್ಸ್ ನಡುವೆ ಇದ್ದರೆ ಕ್ಷೇಮ. ಕೆಳಗಿಳಿದರೆ ಸೊಟ್ಟಗಾದ ತಟ್ಟೆಯ ಏರಿಳಿತಕ್ಕೆ ಆರ್ಮ್ ಜಿಗಿಯುತ್ತದೆ. ಮೇಲೇರಿದರೆ ಮೃದಂಗದ ತೊಪ್ಪಿಯ ನಾದಕ್ಕೆ ಕಲಬೆರಕೆ ಆಗುತ್ತದೆ. ಲೆಕ್ಕ ಹಾಕುವುದು ಹೀಗೆ: ಆರ್ಮ್‌ನ ಎಫೆಕ್ಟಿವ್ ಮಾಸ್, ಕಾರ್ಟ್ರಿಜ್ ತೂಕ, ಸ್ಕ್ರೂಗಳ ತೂಕ ಮೂರನ್ನೂ ಗ್ರಾಂನಲ್ಲಿ ಕೂಡಿಸಿ, ಕಂಪ್ಲಯನ್ಸ್‌ನಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. ಆರ್‌ಬಿ300 ಆರ್ಮ್ 11 ಗ್ರಾಂ, ಆರ್ಟೋಫಾನ್ 2ಎಂ ರೆಡ್ 7.2 ಗ್ರಾಂ, ಸ್ಕ್ರೂ ಒಂದು ಗ್ರಾಂಗೆ ಒಂದಿಷ್ಟು ಕಡಿಮೆ, ಒಟ್ಟು 19. ರೆಡ್‌ನ ಕಂಪ್ಲಯನ್ಸ್ 20. ಉತ್ತರ 8.2 ಹರ್ಟ್ಸ್‌ನ ಹತ್ತಿರ. ನಡೆಯುತ್ತದೆ. ಅದೇ ಕಾರ್ಟ್ರಿಜ್ಜನ್ನು 20 ಗ್ರಾಂನ ಭಾರಿ ಆರ್ಮ್‌ಗೆ ಹಾಕಿದರೆ 7ಕ್ಕೂ ಕೆಳಗಿಳಿಯುತ್ತದೆ. ಡೆನಾನ್ ಡಿಎಲ್-103 ಇದಕ್ಕೆ ತದ್ವಿರುದ್ಧ: ಬಿಗಿ ಸಸ್ಪೆನ್ಶನ್ನಿನ ಅದಕ್ಕೆ ಭಾರದ ಆರ್ಮೇ ಇಷ್ಟ. ಒಂದು ಎಚ್ಚರಿಕೆ, ಜಪಾನಿ ಕಂಪನಿಗಳು ಕಂಪ್ಲಯನ್ಸನ್ನು ಸಾಮಾನ್ಯವಾಗಿ 100 ಹರ್ಟ್ಸ್‌ನಲ್ಲಿ ಅಳೆದು ಹೇಳುತ್ತವೆ. ಆ ಅಂಕಿಯನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಳೆಯ ಆರ್ಮ್ ಕೊಳ್ಳುವವರು ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಲಿ. ಕೌಂಟರ್‌ವೇಟ್ ತಿರುಗಿಸಿ ಆರ್ಮ್ ಗಾಳಿಯಲ್ಲಿ ತೇಲುವಂತೆ ಮಾಡಿ, ಮೆಲ್ಲಗೆ ಊದಿ: ಎಲ್ಲೂ ತಡೆಯದೆ ಸಾಗಬೇಕು. ಆಮೇಲೆ ಹೆಡ್‌ಶೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮೇಲೆಕೆಳಗೆ ಅಲುಗಿಸಿ. ಕೀಲಿನಲ್ಲಿ ‘ಟಿಕ್’ ಎಂದರೆ ಬೇರಿಂಗ್ ಹೋಗಿದೆ. ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಒಳತಂತಿಗಳನ್ನು ಮಲ್ಟಿಮೀಟರ್‌ನಿಂದ ನೋಡುವುದಾದರೆ ಕಾರ್ಟ್ರಿಜ್ ಬಿಚ್ಚಿದ ಮೇಲೆ ಮಾತ್ರ. ಮೀಟರಿನ ಕರೆಂಟಿಗೆ ಮೂವಿಂಗ್ ಕಾಯಿಲ್‌ನ ಕೂದಲೆಳೆ ತಂತಿ ಸುಟ್ಟೀತು.

<b>ಕೂರಿಸುವ ಕೆಲಸ</b>

ಪ್ಲಗ್ ಕೀಳಿ. ರಸಮಟ್ಟದಿಂದ ಡೆಕ್ ಸಮತಟ್ಟಾಗಿದೆಯೇ ನೋಡಿ. ಮುಳ್ಳಿನ ಮುಚ್ಚಳ ಹಾಕಿಯೇ ಕಾರ್ಟ್ರಿಜ್ ಕಟ್ಟಿ. ಸ್ಕ್ರೂ ತೂತುಗಳ ಅಂತರ ಎಲ್ಲ ಕಂಪನಿಗಳಲ್ಲೂ ಅರ್ಧ ಇಂಚು, 12.7 ಮಿ.ಮೀ. ಬೆರಳಿನ ಬಿಗಿಯಷ್ಟೇ ಸಾಕು, ಮುಂದೆ ಸರಿಸಬೇಕಲ್ಲ. ಕಾರ್ಟ್ರಿಜ್‌ನೊಳಗಿನ ಅಯಸ್ಕಾಂತ ಕಬ್ಬಿಣದ ಸ್ಕ್ರೂಡ್ರೈವರನ್ನು ಇದ್ದಕ್ಕಿದ್ದಂತೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡ ಒಂದು ಗಳಿಗೆಯಲ್ಲಿ ಹಲವರ ಮುಳ್ಳು ಮುರಿದಿದೆ. ತಂತಿಗಳ ಬಣ್ಣ: ಬಿಳಿ ಎಡದ ಪಾಸಿಟಿವ್, ನೀಲಿ ಎಡದ ನೆಗೆಟಿವ್, ಕೆಂಪು ಬಲದ ಪಾಸಿಟಿವ್, ಹಸಿರು ಬಲದ ನೆಗೆಟಿವ್. ಚಿಮುಟದಿಂದ ತಂತಿಯ ತುದಿಯನ್ನು ಪಿನ್ನಿಗೆ ಮೆಲ್ಲಗೆ ತಳ್ಳಿ. ಬೆಸುಗೆಯ ಯೋಚನೆಯೇ ಬೇಡ. ಕಾರ್ಟ್ರಿಜ್ ಪಿನ್ನಿಗೆ ಬಿಸಿ ಮುಟ್ಟಿಸಿದರೆ ಅದು ಹೋಯಿತೆಂದೇ ಲೆಕ್ಕ.

ಈಗ ಮುಚ್ಚಳ ತೆಗೆದು, ಆರ್ಮ್ ಒಳಕ್ಕೆ ಎಳೆಯುವುದನ್ನು ತಡೆಯುವ ಆ್ಯಂಟಿಸ್ಕೇಟಿಂಗನ್ನು ಸೊನ್ನೆಗೆ ತಂದು, ಆರ್ಮ್ ತೇಲುವಂತೆ ಸಮತೂಕ ಮಾಡಿ. ಅಲ್ಲಿಂದ ಡಯಲ್ಲನ್ನು ಸೊನ್ನೆಗಿಟ್ಟು ಕಂಪನಿ ಹೇಳಿದ ಭಾರಕ್ಕೆ ತಿರುಗಿಸಿ. 2ಎಂ ರೆಡ್‌ಗೆ 1.8 ಗ್ರಾಂ, ಡಿಎಲ್-103ಕ್ಕೆ 2.5. ಡಯಲ್ಲನ್ನು ಪೂರಾ ನಂಬಬೇಡಿ, ಪುಟ್ಟ ಡಿಜಿಟಲ್ ತಕ್ಕಡಿ ಅಗ್ಗಕ್ಕೇ ಸಿಗುತ್ತದೆ. ಭಾರ ಕಮ್ಮಿ ಮಾಡಿದರೆ ತಟ್ಟೆ ಉಳಿಯುತ್ತದೆ ಎಂಬುದು ತಪ್ಪು ನಂಬಿಕೆ. ಹಗುರ ಮುಳ್ಳು ಗ್ರೂವ್‌ನ ಗೋಡೆಗಳ ನಡುವೆ ಪುಟಿದು ಇನ್ನೂ ಹೆಚ್ಚು ಗಾಯ ಮಾಡುತ್ತದೆ. ಹೇಳಿದ ಮಿತಿಯ ಮೇಲ್ತುದಿಯ ಕಡೆಗೇ ಇರಲಿ.

ಮುಖ್ಯ ಘಟ್ಟ ಪ್ರೊಟ್ರಾಕ್ಟರ್, ಅಂದರೆ ಕಾರ್ಟ್ರಿಜ್ ವಾರೆ ಇದೆಯೇ ಎಂದು ನೋಡಲು ತಟ್ಟೆಯ ಮೇಲಿಡುವ ಚೌಕಳಿ ಗೆರೆಗಳ ಹಾಳೆ. ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ ವಾರೆ ಸೊನ್ನೆಯಾಗುವ ಬಿಂದುಗಳು ನಡುವಿನಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿವೆ. 1966ರ ಸ್ಟೀವನ್‌ಸನ್ ಲೆಕ್ಕ ಒಳಬಿಂದುವನ್ನು 60.3ಕ್ಕೇ ತಳ್ಳುತ್ತದೆ, ಕೊನೆಯ ಹಾಡೇ ಮುಖ್ಯ ಎನ್ನುವವರಿಗೆ ಅದು. ನನ್ನ ಮತ ಮೊದಲನೆಯದಕ್ಕೆ: ಇಡೀ ಮುಖದಲ್ಲಿ ಸರಾಸರಿ ತಪ್ಪು ಕಡಿಮೆ. ಟೆಕ್ನಿಕ್ಸ್‌ನವರು ಇಷ್ಟೆಲ್ಲ ಬೇಡವೆಂದು ಹೆಡ್‌ಶೆಲ್ಲಿನ ಹಿಂಬದಿಯ ವಾಷರ್‌ನಿಂದ ಮುಳ್ಳಿನ ತುದಿಗೆ 52 ಮಿ.ಮೀ. ಇಟ್ಟರೆ ಸಾಕು ಎನ್ನುತ್ತಾರೆ. ಪ್ರೊಟ್ರಾಕ್ಟರನ್ನು ನೀವೇ ಮುದ್ರಿಸಿಕೊಂಡರೆ ಸ್ಟೀಲ್ ಅಳತೆಪಟ್ಟಿ ಇಟ್ಟು ನೋಡಲೇಬೇಕು, ಪ್ರಿಂಟರ್‌ಗಳು ಹೇಳದೆ ಕೇಳದೆ ಕಾಗದಕ್ಕೆ ತಕ್ಕಂತೆ ಕುಗ್ಗಿಸಿಬಿಡುತ್ತವೆ.

ತಟ್ಟೆ ತಿರುಗದಂತೆ ಹಿಡಿದು ಮುಳ್ಳನ್ನು ಒಳಬಿಂದುವಿನ ಮೇಲೆ ಇಳಿಸಿ. ಮುಂದಿನಿಂದ ಒಂದೇ ಕಣ್ಣಲ್ಲಿ ನೋಡಿ: ಕಾರ್ಟ್ರಿಜ್‌ನ ಬದಿ, ಅದಕ್ಕಿಂತ ಮುಖ್ಯವಾಗಿ ಮುಳ್ಳು ಹೊತ್ತ ಸಣ್ಣ ಕಡ್ಡಿ, ಚೌಕಳಿಯ ಗೆರೆಗಳಿಗೆ ಸಮಾಂತರವಾಗಿದೆಯೇ? ಹೊರಬಿಂದುವಿನಲ್ಲೂ ಹಾಗೇ ನೋಡಿ. ಎರಡು ಕಡೆಯೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ವಾರೆ ಇದ್ದರೆ ಕಾರ್ಟ್ರಿಜ್ಜನ್ನು ಇದ್ದಲ್ಲೇ ಕೊಂಚ ತಿರುಚಬೇಕು. ಒಂದು ಕಡೆ ಸರಿಯಿದ್ದು ಇನ್ನೊಂದು ಕಡೆ ವಾರೆಯಾದರೆ ಉದ್ದದಲ್ಲಿ ತಪ್ಪಿದೆ. ಮುಂದಕ್ಕೋ ಹಿಂದಕ್ಕೋ ಅರ್ಧ ಮಿ.ಮೀ. ಸರಿಸಿ ಮತ್ತೆ ಎರಡೂ ಬಿಂದು ನೋಡಬೇಕು. ಇದಕ್ಕೆ ಒಂದು ಗಂಟೆ ಹಿಡಿದರೂ ಹಿಡಿಯಲಿ. ಸರಿಯಾಯಿತೆಂದ ಮೇಲೆ ಎರಡೂ ಸ್ಕ್ರೂಗಳನ್ನು ಒಂದೊಂದೇ ಸುತ್ತಿನಂತೆ ಸರದಿಯಲ್ಲಿ ಬಿಗಿ ಮಾಡಿ, ಮತ್ತೊಮ್ಮೆ ನೋಡಿ. ಬಿಗಿಯುವಾಗಲೇ ಅದು ಕದಲುವುದು.

ಆರ್ಮ್‌ನ ಎತ್ತರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆರ್ಮ್ ತಟ್ಟೆಗೆ ಸಮಾನಾಂತರವಾಗಿದ್ದರೆ ಆಯಿತು. 9 ಇಂಚಿನ ಆರ್ಮ್‌ನ ಬುಡವನ್ನು 4 ಮಿ.ಮೀ. ಎತ್ತಿದರೆ ಕೋನ ಬದಲಾಗುವುದು ಒಂದೇ ಡಿಗ್ರಿ. ತಟ್ಟೆಯ ದಪ್ಪಕ್ಕೆ ತಕ್ಕಂತೆ ಏರಿಸಿ ಇಳಿಸುವವರು ತಮ್ಮ ಸಮಾಧಾನಕ್ಕೆ ಮಾಡುತ್ತಾರೆ. ಮುಂದಿನಿಂದ ನೋಡಿದಾಗ ಕಾರ್ಟ್ರಿಜ್ ಎಡಬಲಕ್ಕೆ ವಾಲಿರಬಾರದು. ಚಿಕ್ಕ ಕನ್ನಡಿಯ ಮೇಲೆ ಮುಳ್ಳಿಳಿಸಿದರೆ ಪ್ರತಿಬಿಂಬ ನೇರ ಇದೆಯೋ ಇಲ್ಲವೋ ತಿಳಿಯುತ್ತದೆ.

ಕೊನೆಗೆ ಆ್ಯಂಟಿಸ್ಕೇಟಿಂಗ್. ಭಾರದಷ್ಟೇ ಅಂಕಿಯಿಂದ ಶುರು ಮಾಡಿ. ಗ್ರೂವ್ ಇಲ್ಲದ ನುಣುಪು ತಟ್ಟೆಯ ಮೇಲೆ ಇದನ್ನು ಹೊಂದಿಸುವ ರೂಢಿ ದಾರಿ ತಪ್ಪಿಸುತ್ತದೆ, ಅಲ್ಲಿ ಗ್ರೂವ್‌ನ ಎಳೆತವೇ ಇರುವುದಿಲ್ಲ. ಚೆನ್ನಾಗಿ ಗೊತ್ತಿರುವ ಹಾಡಿನ ತಟ್ಟೆಯ ಒಳತುದಿ ಕೇಳಿ. ಏರುದನಿಯಲ್ಲಿ ಬಲ ಸ್ಪೀಕರ್ ಮೊದಲು ಒಡೆದರೆ ಅಂಕಿ ಏರಿಸಿ, ಎಡ ಮೊದಲು ಒಡೆದರೆ ಇಳಿಸಿ. ಗುಂಯ್ ಎಂಬ ಸದ್ದು ಬಂದರೆ ಅರ್ತ್ ತಂತಿ ಫೋನೋ ಆಂಪ್ಲಿಫೈಯರ್‌ಗೆ ಸೇರಿದೆಯೇ ನೋಡಿ.

ಮುಳ್ಳಿನ ಆಯುಸ್ಸು ಅದರ ಆಕಾರಕ್ಕೆ ತಕ್ಕಂತೆ ಸುಮಾರು 300ರಿಂದ 1000 ಗಂಟೆ. ಎಷ್ಟು ಬಳಸಿದಿರೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹೊಸ ಮುಳ್ಳು ಸಿಕ್ಕಿಸಿದ ದಿನ, ಕಾರ್ಟ್ರಿಜ್ ಕದಲಿಸದಿದ್ದರೂ, ತಕ್ಕಡಿ ಮತ್ತು ಪ್ರೊಟ್ರಾಕ್ಟರ್ ಎರಡನ್ನೂ ಇನ್ನೊಮ್ಮೆ ಹೊರತೆಗೆಯಿರಿ.