ಹೆಳವನ ಹೊತ್ತಿಗೆ

ಹುಬ್ಬಳ್ಳಿ, ಗದಗ, ಬಾಗಲಕೋಟೆಗಳಂಥ ಊರುಗಳಲ್ಲಿ ಕುಷ್ಟಗಿ, ಯಲಬುರ್ಗಿ, ಕೊಪ್ಪಳ, ಗಂಗಾವತಿ ಎಂಬ ಮನೆತನದ ಹೆಸರುಳ್ಳವರು ಕಾಣಸಿಗುತ್ತಾರೆ. ಕುಷ್ಟಗಿಯಲ್ಲಿಯೇ ತಲೆಮಾರುಗಳಿಂದ ಬಾಳಿಕೊಂಡು ಬಂದವರಿಗೆ ಮಾತ್ರ ಆ ಹೆಸರು ಇರುವುದು ವಿರಳ. ಕಾರಣ ಸರಳವಾದುದು. ತನ್ನ ಊರಿನಲ್ಲಿಯೇ ಇರುವವನನ್ನು ಊರಿನ ಹೆಸರಿನಿಂದ ಗುರುತಿಸಬೇಕಾದ ಅಗತ್ಯವಿಲ್ಲ. ಅವನು ಮತ್ತೊಂದು ಊರಿಗೆ ಹೋಗಿ ನೆಲಸಿದಾಗ ಅಲ್ಲಿಯ ಜನ ಅವನನ್ನು ‘ಕುಷ್ಟಗಿಯವ’ ಎಂದು ಕರೆಯುತ್ತಾರೆ. ಮಕ್ಕಳ ಕಾಲಕ್ಕೆ ಅದೇ ಮನೆತನದ ಹೆಸರಾಗಿ ನಿಲ್ಲುತ್ತದೆ. ಬಿಟ್ಟುಬಂದ ಊರನ್ನು ಮರೆಯಬೇಕೆಂದರೂ ಮರೆಯಗೊಡದ ಹೆಸರು ಅದು. ಆದರೆ ಅದು ಊರನ್ನು ಹೇಳೀತೇ ಹೊರತು ಮನೆಯನ್ನು ಹೇಳಲಾರದು. ಊರು ಬಿಟ್ಟವನು ಯಾರು, ಯಾರ ಮಗ, ಅವನ ಅಣ್ಣತಮ್ಮಂದಿರ ಸಂತತಿ ಈಗ ಎಲ್ಲಿದೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ.

ಊರು ಬಿಡುವುದು ಈ ಸೀಮೆಯವರಿಗೆ ಹೊಸತಲ್ಲ. ಕುಷ್ಟಗಿ, ಯಲಬುರ್ಗಾಗಳ ನೆಲ ಮಳೆಯನ್ನೇ ನಂಬಿದ ನೆಲ. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೊರಡುವುದು ವಾಡಿಕೆ. 1791–92ರ ಡೋಗಿ ಬರದಲ್ಲಿ ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಿನಲ್ಲಿ ಬಿದ್ದಿದ್ದುವೆಂದು ಹಿರಿಯರು ಹೇಳುತ್ತಿದ್ದರು. 1876ರಿಂದ 78ರವರೆಗಿನ ಬರವೂ ಅಷ್ಟೇ ಘೋರವಾದುದು. ಗುಳೆ ಹೋದವರಲ್ಲಿ ಮಳೆ ಬಂದ ಮೇಲೆ ಮರಳಿದವರುಂಟು. ದುಡಿಮೆ ಸಿಕ್ಕ ಕಡೆ ಬೇರು ಬಿಟ್ಟವರೂ ಉಂಟು.

ಇದರ ಜೊತೆಗೆ ಇನ್ನೊಂದು ತೊಡಕೂ ಇತ್ತು. 1948ರವರೆಗೆ ಕೊಪ್ಪಳ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಪಕ್ಕದ ಮುಂಡರಗಿ, ಗಜೇಂದ್ರಗಡ, ಗದಗಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಎತ್ತಿನ ಬಂಡಿ ಒಂದು ಹಗಲಿನಲ್ಲಿ ದಾಟಬಹುದಾದ ಈ ಗಡಿಯ ಇತ್ತಲಿನ ಸರ್ಕಾರಿ ಕಾಗದಪತ್ರಗಳು ಉರ್ದುವಿನಲ್ಲಿಯೂ ಅತ್ತಲಿನವು ಕನ್ನಡ, ಮರಾಠಿಗಳಲ್ಲಿಯೂ ಇದ್ದುವು. ಗಡಿ ದಾಟಿದ ಕುಟುಂಬದ ಜಾಡು ಎರಡು ಸರ್ಕಾರಗಳ ನಡುವೆ ತುಂಡಾಗಿ ಹೋಗುತ್ತಿತ್ತು. 1947–48ರಲ್ಲಿ ರಜಾಕಾರರ ಹಾವಳಿಗೆ ಬೆದರಿ ಈ ಭಾಗದ ಜನ ಗಡಿಯಾಚೆಯ ಶಿಬಿರಗಳಿಗೆ ಓಡಿಹೋದರು. ಬಳಿಕ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದುವು. 1953ರಿಂದ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಗಂಗಾವತಿಯ ಕಡೆಗೆ ಆಂಧ್ರದ ಕರಾವಳಿಯ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಹೀಗೆ ಒಂದೇ ಸೀಮೆ ತನ್ನವರನ್ನು ಕಳುಹಿಸಿಕೊಟ್ಟಿತು, ಪರರನ್ನು ಬರಮಾಡಿಕೊಂಡಿತು.

ಇಂಥ ನೆಲದಲ್ಲಿ ಮನೆಮನೆಯ ವಂಶಾವಳಿಯನ್ನು ಕಾಪಾಡಿಕೊಂಡು ಬಂದವರು ಹೆಳವರು. ‘ಹೆಳವ’ ಎಂದರೆ ಕುಂಟ. ಈ ಹೆಸರಿನ ಹಿಂದೆ ಒಂದು ಕಥೆಯಿದೆ. ಬಹು ಮಂದಿ ಅಣ್ಣತಮ್ಮಂದಿರಿದ್ದ ಮನೆಯಲ್ಲಿ ಒಬ್ಬ ಹುಟ್ಟುಗುಂಟನಿದ್ದನಂತೆ. ಹೊಲದ ಕೆಲಸ ಅವನಿಂದಾಗದು. ಅಣ್ಣಂದಿರು ಬೇರೆಯಾಗುವಾಗ, ಅವನಿಗೆ ಏರಿ ತಿರುಗಲು ಒಂದು ಎತ್ತನ್ನು ಕೊಟ್ಟು, ಪ್ರತಿಯೊಬ್ಬರೂ ವರ್ಷಕ್ಕೆ ಇಷ್ಟು ಧಾನ್ಯ ಅಳೆಯುವುದಾಗಿ ಒಪ್ಪಿದರು. ಅವನು ಅವರ ಮಕ್ಕಳು ಮೊಮ್ಮಕ್ಕಳ ಹೆಸರುಗಳನ್ನು ನೆನಪಿಟ್ಟು ಹೇಳತೊಡಗಿದನು. ಕಥೆ ನಡೆದದ್ದೋ ಕಟ್ಟಿದ್ದೋ, ಅದರ ಒಳದನಿಯನ್ನು ಗಮನಿಸಬೇಕು. ನಡೆಯಲಾರದವನೇ ಊರೂರು ಅಲೆದು ಚದುರಿಹೋದ ಅಣ್ಣತಮ್ಮಂದಿರನ್ನು ಕೂಡಿಸುತ್ತಾನೆ! ಹಿಂದಿನ ಹೆಳವರು ಕಾಲು ಕಾಣದಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಎತ್ತಿನ ಮೇಲೆ ಬರುತ್ತಿದ್ದುದು ಇದರ ಗುರುತು.

ಲಿಂಗಾಯತ, ಕುರುಬ, ರಡ್ಡಿ ಮೊದಲಾದ ಒಕ್ಕಲು ಮನೆತನಗಳಿಗೆ ಇಂತಿಂಥ ಹೆಳವರು ಎಂಬ ಕಟ್ಟುಪಾಡು ಉಂಟು. ಒಕ್ಕಲುಗಳ ಹಕ್ಕು ಹೆಳವರಲ್ಲಿ ತಂದೆಯಿಂದ ಮಕ್ಕಳಿಗೆ ಆಸ್ತಿಯಂತೆ ಹಂಚಿಹೋಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಹೆಳವನು ಮನೆಗೆ ಬಂದು, ಬೆಡಗು, ಮನೆದೇವರು, ಮೂಲಪುರುಷ, ಅವನು ಬಿಟ್ಟ ಊರು, ನೆಲಸಿದ ಊರು ಇವುಗಳನ್ನು ಹಾಡಿನ ಧಾಟಿಯಲ್ಲಿ ಹೇಳುತ್ತಾನೆ. ಬಳಿಕ ಹೊತ್ತಿಗೆಯನ್ನು ಬಿಚ್ಚಿ ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಳ್ಳುತ್ತಾನೆ. ಮನೆಯವರು ಕಾಳು, ಬಟ್ಟೆ, ಹಣ, ಅನುಕೂಲವಿದ್ದರೆ ದನಕರುವನ್ನೂ ಕೊಡುತ್ತಾರೆ. ಇದನ್ನು ಭಿಕ್ಷೆಯೆಂದು ತಿಳಿಯುವುದು ಸರಿಯಲ್ಲ. ಬರೆದಿಟ್ಟದ್ದಕ್ಕೆ ಸಲ್ಲುವ ಕೂಲಿ ಅದು. ಕೂಲಿಗಿಂತ ಹೆಚ್ಚಾಗಿ, ಕಥೆಯ ಪ್ರಕಾರ, ಅಣ್ಣಂದಿರು ಕೊಡಬೇಕಾದ ಪಾಲು.

ಗದಗದ ಒಂದು ಮನೆಯವರಿಗೆ ‘ಕುಷ್ಟಗಿ’ ಎಂಬ ಹೆಸರೊಂದೇ ಗೊತ್ತು, ಮಿಕ್ಕದ್ದು ಗೊತ್ತಿಲ್ಲ ಎಂದಿಟ್ಟುಕೊಳ್ಳೋಣ. ಅವರು ಮೊದಲು ಹಿಡಿಯಬೇಕಾದ ಎಳೆ ಮನೆದೇವರು. ಊರು ಬಿಟ್ಟರೂ ದೇವರನ್ನು ಬಿಡುವವರು ಕಡಿಮೆ. ಹುಲಿಗೆಮ್ಮನಿಗೋ ಕುಕನೂರಿನ ಮಹಾಮಾಯೆಗೋ ಮಗುವಿನ ಜವಳ ತೆಗೆಸಲು ಇಂದಿಗೂ ಹೋಗುವವರಾದರೆ, ಮೂಲ ಯಾವ ದಿಕ್ಕಿಗೆ ಎಂಬುದು ಅರ್ಧ ತಿಳಿದಂತೆ. ಅಲ್ಲಿ ಅದೇ ಬೆಡಗಿನ ಮನೆಗಳನ್ನು ಹುಡುಕಿ, ಆ ಮನೆಗಳ ಹೆಳವರು ಯಾರೆಂದು ಕೇಳಬೇಕು. ಹೆಳವನು ಸಿಕ್ಕಿದನೆಂದರೆ ಮಾತಿನ ಬಗೆಯೇ ಬೇರೆಯಾಗುತ್ತದೆ. “ನಿಮ್ಮ ಮುತ್ತ್ಯಾ ಮೂರು ಮಂದಿ ಅಣ್ಣತಮ್ಮರೊಳಗ ನಡುವಿನಾಂವ. ಬರದಾಗ ಎತ್ತು ಮಾರಿ ಹೋದಾಂವ. ಹಿರ್ಯಾನ ಮಕ್ಕಳು ಇಲ್ಲೇ ಅದಾರ” ಎಂದು ಅವನು ಓದಿ ಹೇಳಿದರೆ, ಕೇಳುವವರಿಗೆ ಒಮ್ಮೆಲೇ ದಾಯಾದಿಗಳು, ಒಂದು ಹಳೆಯ ಮನೆ, ಒಂದು ಹೊಲದ ಬದು ಎಲ್ಲವೂ ದೊರೆಯುತ್ತವೆ.

ಇಂಥ ಭಾಗ್ಯ ಎಲ್ಲ ದೇಶದವರಿಗೂ ಇಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನ ಸತ್ತರು; ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಕಡಲು ದಾಟಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಬಂದಿಳಿದವರು ಅಸಂಖ್ಯಾತರು. ಅಲ್ಲಿಯ ಜನಗಣತಿಯ ಗುಮಾಸ್ತರು ಹುಟ್ಟಿದ ಸ್ಥಳದ ಮುಂದೆ ಅನೇಕ ವೇಳೆ ‘ಐರ್ಲೆಂಡ್’ ಎಂದಷ್ಟೇ ಬರೆದು ಮುಗಿಸಿದರು, ಹಳ್ಳಿಯ ಹೆಸರಿಲ್ಲ. 1922ರಲ್ಲಿ ಡಬ್ಲಿನ್ನಿನ ದಾಖಲೆಗಳ ಕಚೇರಿ ಅಂತರ್ಯುದ್ಧದ ಬೆಂಕಿಗೆ ಸಿಕ್ಕಿ, ಹಳೆಯ ಜನಗಣತಿಯ ಪುಸ್ತಕಗಳು ಬಹುಪಾಲು ಬೂದಿಯಾದುವು. ಇಂದು ಇಂಗ್ಲೆಂಡಿನಲ್ಲಿರುವ ಮರಿಮಕ್ಕಳು ಇಗರ್ಜಿಯ ಜ್ಞಾನಸ್ನಾನದ ಪುಸ್ತಕಗಳನ್ನು ತಿರುವುತ್ತ ಹಿರಿಯನನ್ನು ಅರಸಬೇಕಾಗಿದೆ. ಹೆಸರಿನಲ್ಲಿಯೇ ಊರನ್ನು ಹೊತ್ತು ತಂದ ಕುಷ್ಟಗಿಯವನು ಅವರಿಗಿಂತ ಜಾಣನೆನ್ನಬೇಕು.

ಹೆಳವನ ಹೊತ್ತಿಗೆಯಲ್ಲಿ ಕೊರತೆಯಿಲ್ಲವೆಂದಲ್ಲ. ಒಕ್ಕಲನ್ನು ಮೆಚ್ಚಿಸಲು ಮೂಲಪುರುಷನನ್ನು ಹೊಗಳಿ ಹಿಗ್ಗಿಸುವುದುಂಟು. ಆದುದರಿಂದ ಬಹು ಹಿಂದಿನ ಭಾಗವನ್ನು ಕಥೆಯೆಂದೂ, ಈಚಿನ ಐದಾರು ತಲೆಮಾರುಗಳನ್ನು ದಾಖಲೆಯೆಂದೂ ಓದುವುದು ಮೇಲು. ಸತ್ತವರು ವ್ಯಾಜ್ಯ ಹುಟ್ಟುವ ಮೊದಲೇ ರಕ್ತಸಂಬಂಧವನ್ನು ಕುರಿತು ಹೇಳಿದ ಮಾತನ್ನು, ಅವರಿಗೆ ಅದನ್ನು ತಿಳಿಯುವ ವಿಶೇಷ ಅವಕಾಶವಿದ್ದಲ್ಲಿ, ನ್ಯಾಯಾಲಯ ಪರಿಶೀಲಿಸಬಹುದೆಂದು 1872ರ ಸಾಕ್ಷ್ಯ ಕಾಯಿದೆ ಹೇಳಿತ್ತು. 2023ರ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಹೆಳವನ ಅಕ್ಷರಕ್ಕೆ ಆಸ್ತಿಯ ತೂಕವೂ ಬರಬಹುದೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಆ ಅಕ್ಷರ ಬಹುಮಟ್ಟಿಗೆ ಗಂಡುಸಂತತಿಯನ್ನೇ ಹಿಂಬಾಲಿಸಿದೆ. ಮದುವೆಯಾಗಿ ಗಡಿಯಾಚೆಗೆ ಹೋದ ಮಗಳೂ ಊರು ಬಿಟ್ಟವಳೇ; ಅವಳ ಹೆಸರು ಮಾತ್ರ ತವರಿನ ಪುಟದಲ್ಲಿ ಸಿಗುವುದು ಕಷ್ಟ. 1994ರಲ್ಲಿ ಕರ್ನಾಟಕದಲ್ಲಿಯೂ 2005ರಲ್ಲಿ ದೇಶದಲ್ಲೆಲ್ಲ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ದೊರೆತ ಮೇಲೆ ಈ ಕೊರತೆ ಎದ್ದು ಕಾಣುತ್ತಿದೆ. ಇತ್ತ ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ಅವರ ಹಕ್ಕು. ಹಳೆಯ ಹೊತ್ತಿಗೆಗಳು ಗಂಟುಗಳಲ್ಲಿ ಕಟ್ಟಿಬಿದ್ದಿವೆ. ಕೆಲವನ್ನು ಛಾಯಾಪ್ರತಿ ತೆಗೆದು ಕಾಪಾಡುವ ಕೆಲಸ ನಡೆದಿದೆ. ಉಳಿದವನ್ನು ಗೆದ್ದಲು ಓದುವುದಕ್ಕೆ ಮೊದಲು ಬಿಚ್ಚಬೇಕು. ಸುಗ್ಗಿಯ ಹೊತ್ತಿನಲ್ಲಿ ಬಾಗಿಲಿಗೆ ಬಂದು ಹೊತ್ತಿಗೆ ಬಿಚ್ಚುವ ಹೆಳವನಿಗೆ ಮನೆಯವರು ಮೊಮ್ಮಗನ ಹೆಸರಿನ ಕೆಳಗೆ ಮೊಮ್ಮಗಳ ಹೆಸರನ್ನೂ ಬರೆಯೆಂದು ಹೇಳಿದರೆ, ಬರೆಯಲು ಅವನ ಪುಟದಲ್ಲಿ ಜಾಗವಿದೆ.