ಎರಡನೆಯ ಪ್ರತಿ ಎಲ್ಲಿದೆ?

ಮಕ್ಕಳೇ, ಬೆಳೆಸಾಲಕ್ಕೆಂದು ಮನೆಯ ಹಿರಿಯರು ಸಿಂದಗಿಗೆ ಹೋಗಿ ಹೊಲದ ಉತಾರ ತಂದದ್ದನ್ನು ನೀವು ನೋಡಿರಬಹುದು. ಇದಕ್ಕೆ ಪಹಣಿ ಎಂಬ ಹೆಸರೂ ಇದೆ. ಮೊದಲು ಇದನ್ನು ಕೈಯಿಂದ ಬರೆದು ಕೊಡುತ್ತಿದ್ದರು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಲಾಯಿತು. ಹಾಗಾದರೆ ಆ ಕಂಪ್ಯೂಟರೇ ಕೆಟ್ಟರೆ ನಮ್ಮ ಹೊಲದ ಲೆಕ್ಕ ಏನಾಗುತ್ತದೆ? ಬನ್ನಿ, ತಿಳಿಯೋಣ.

ತಿರುಗುವ ತಟ್ಟೆ

ಅನೇಕ ಕಂಪ್ಯೂಟರುಗಳಲ್ಲಿ ಮಾಹಿತಿಯನ್ನು ಹಾರ್ಡ್ ಡಿಸ್ಕ್ ಕಾಯ್ದಿಡುತ್ತದೆ. ಇದರೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳಿವೆ. ಅವುಗಳ ಮೇಲೆ ಕಾಂತೀಯ ವಸ್ತುವಿನ ತೆಳುವಾದ ಲೇಪವಿದೆ. ಬರಹ, ಚಿತ್ರ, ಹಾಡು ಎಲ್ಲವೂ 0 ಮತ್ತು 1 ಎಂಬ ಗುರುತುಗಳಾಗಿ ಆ ಲೇಪದಲ್ಲಿ ಉಳಿಯುತ್ತವೆ. ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಎಷ್ಟು ಸುತ್ತು? ನೀವೇ ಲೆಕ್ಕ ಹಾಕಿ. ಓದುವ ತಲೆಯು ತಟ್ಟೆಯನ್ನು ಮುಟ್ಟದೆ ಅದರ ಮೇಲೆ ತೇಲುತ್ತದೆ. ನಡುವಿನ ಅಂತರ ನಮ್ಮ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ! ಡಿಸ್ಕ್ ಕೆಳಗೆ ಬಿದ್ದರೆ ಅಥವಾ ಒಳಗೆ ಧೂಳು ಹೊಕ್ಕರೆ ತಲೆ ತಟ್ಟೆಗೆ ಉಜ್ಜಿ ಲೇಪ ಕಿತ್ತುಹೋಗುತ್ತದೆ. ಅದಕ್ಕೇ ಅದನ್ನು ಬಿಚ್ಚಿ ನೋಡಬಾರದು.

ಕೆಡುವ ಮುನ್ನ ಸೂಚನೆ

ಟಕ್ ಟಕ್ ಸದ್ದು, ಫೈಲು ತೆರೆಯಲು ಬಹಳ ಹೊತ್ತು, ಇದ್ದ ಫೈಲು ಕಾಣದಿರುವುದು. ಇವು ಡಿಸ್ಕ್ ಕೆಡುತ್ತಿರುವ ಲಕ್ಷಣಗಳು. ಸದ್ದು ಬಂದರೆ ಕೂಡಲೇ ನಿಲ್ಲಿಸಿ ತಿಳಿದವರಿಗೆ ತೋರಿಸಬೇಕು. ಡಿಸ್ಕ್ ಇನ್ನೂ ಓದುವಂತಿದ್ದರೆ ತಜ್ಞರು ಮೊದಲು ಅದರಲ್ಲಿರುವುದನ್ನೆಲ್ಲ ಮತ್ತೊಂದು ಡಿಸ್ಕಿಗೆ ನಕಲು ಮಾಡುತ್ತಾರೆ. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ. ‘ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶ ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ತೆಗೆದುಕೊಂಡು, ಕಷ್ಟದ ಭಾಗಗಳಿಗೆ ಆಮೇಲೆ ಬರುತ್ತದೆ. ಪರೀಕ್ಷೆಯಲ್ಲಿ ನೀವೂ ಹೀಗೇ ಮಾಡುತ್ತೀರಲ್ಲವೇ?

ಅಳಿಸಿದ ಫೈಲು ಮರಳಿ ಸಿಗುವುದೇ? ಫೈಲು ಅಳಿಸಿದಾಗ ಪುಸ್ತಕದ ಪರಿವಿಡಿಯಿಂದ ಪಾಠದ ಹೆಸರು ಹೊಡೆದು ಹಾಕಿದಂತಾಗುತ್ತದೆ. ಪಾಠ ಇನ್ನೂ ಒಳಗಿರುತ್ತದೆ. ಆದರೆ ಆ ಜಾಗದಲ್ಲಿ ಹೊಸದನ್ನು ಬರೆದರೆ ಹಳೆಯದು ಹೋದಂತೆಯೇ. ಆದ್ದರಿಂದ ತಪ್ಪಿ ಅಳಿಸಿದರೆ ಆ ಡಿಸ್ಕಿನಲ್ಲಿ ಬೇರೇನೂ ಬರೆಯಬಾರದು. ತಟ್ಟೆಯಿಲ್ಲದ ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ಅಳಿಸಿದ್ದು ಮರಳಿ ಸಿಗುವುದು ಇನ್ನೂ ಕಷ್ಟ.

ನಮ್ಮ ಜಿಲ್ಲೆಯ ದಾರಿ

ಡಿಸ್ಕ್ ಬರುವ ಮೊದಲು ಮಾಹಿತಿ ಓಲೆಗರಿಯಲ್ಲಿತ್ತು. ಬಸವಣ್ಣನವರ ಮತ್ತು ಇತರ ಶರಣರ ವಚನಗಳು ಮಠಗಳಲ್ಲಿ, ಮನೆಗಳಲ್ಲಿ ಕಟ್ಟು ಕಟ್ಟಾಗಿ ಉಳಿದಿದ್ದವು. ಓಲೆಗರಿಗೂ ಹುಳು, ತೇವ, ಬೆಂಕಿಯ ಭಯ. ಆಗ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ಅಲೆದು ಓಲೆಗಳನ್ನು ಕೂಡಿಸಿದರು. ಓದಿ, ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ತಮ್ಮ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಅಚ್ಚಾದ ಮೇಲೆ ಒಂದು ಕಟ್ಟು ಹುಳು ತಿಂದರೂ ವಚನ ಅಳಿಯುವ ಭಯ ಉಳಿಯಲಿಲ್ಲ. ಒಂದೆಡೆ ಇದ್ದದ್ದು ನೂರಾರು ಮನೆ ಸೇರಿತ್ತು.

ಮೂರು, ಎರಡು, ಒಂದು

ಇಂದಿನ ಕಂಪ್ಯೂಟರಿಗೂ ಇದೇ ನಿಯಮ. ಮುಖ್ಯವಾದ ಮಾಹಿತಿಗೆ 3 ಪ್ರತಿಗಳಿರಲಿ. ಅವು 2 ಬಗೆಯ ಸಾಧನಗಳಲ್ಲಿರಲಿ. 1 ಪ್ರತಿ ಬೇರೆ ಊರಿನಲ್ಲಿ, ಇಲ್ಲವೇ ಬೇರೆ ಕಟ್ಟಡದಲ್ಲಿರಲಿ. ಒಂದೇ ಕಪಾಟಿನಲ್ಲಿ ಮೂರನ್ನೂ ಇಟ್ಟರೆ ಮಳೆನೀರು ಮೂರನ್ನೂ ಕೆಡಿಸುತ್ತದೆ. ಇನ್ನೊಂದು ಮಾತು: ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ನೋಡಬೇಕು. ತೆರೆಯದ ಪ್ರತಿಯನ್ನು ನಂಬುವಂತಿಲ್ಲ. ನಮ್ಮ ಪಹಣಿಗಳನ್ನೂ ತಾಲ್ಲೂಕಿನ ಒಂದೇ ಕಂಪ್ಯೂಟರಿಗೆ ಬಿಡದೆ ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲೂ ಇಡುವ ವ್ಯವಸ್ಥೆಯಾಯಿತು.

ಮಾಡಿ ನೋಡಿ

ಮೂರು ಚೀಟಿ ತೆಗೆದುಕೊಳ್ಳಿ. ಮೊದಲನೆಯದರಲ್ಲಿ 7, ಎರಡನೆಯದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12 ಎಂದು ಬರೆದು ಮೂವರು ಗೆಳೆಯರಿಗೆ ಕೊಡಿ. ಯಾವುದಾದರೂ ಒಂದು ಚೀಟಿ ಹರಿದು ಹಾಕಿ. ಉಳಿದ ಎರಡರಿಂದ ಹರಿದ ಅಂಕಿಯನ್ನು ಹೇಳಬಲ್ಲಿರಾ? ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಒಂದು ಡಿಸ್ಕ್ ಕೆಟ್ಟಾಗ ಹೀಗೆಯೇ, ಉಳಿದವುಗಳ ಲೆಕ್ಕದಿಂದ ಮಾಹಿತಿ ಮರಳಿ ಪಡೆಯುತ್ತಾರೆ. ಈಗ ಎರಡು ಚೀಟಿ ಹರಿದು ನೋಡಿ. ಏನಾಯಿತು? ಬೇರೆ ಕಡೆ ಪ್ರತಿ ಏಕೆ ಬೇಕೆಂದು ಈಗ ತಿಳಿಯಿತಲ್ಲವೇ?

ನಾಳೆ ನಿಮ್ಮ ಗುರುಗಳನ್ನು ಕೇಳಿ: ನಮ್ಮ ಶಾಲೆಯ ದಾಖಲೆಗಳ ಎರಡನೆಯ ಪ್ರತಿ ಎಲ್ಲಿದೆ?